ನೀಲವ್ವನ ಗೋಡೆ

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ಮಾಸ್ತರರ ಕೋಣೆಯಲ್ಲಿ ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, "ಅವತ್ತ ಊಟಕ್ಕ ಏನಿತ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಪಾಪ, ಹೇಳುವವರ ಮುಖ ಸಪ್ಪಗಾಗುತ್ತಿತ್ತು. ನನ್ನ ಅನುಭವವನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಆ ಪ್ರಶ್ನೆ ನನಗೇ ತಿರುಗಿ ಬಂದೀತೆಂಬ ಅಂಜಿಕೆಯಿಂದಲೇ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ: ಅವತ್ತು ನಾನು ತಿಂದದ್ದು ಒಂದು ಬಸಿ ಅವಲಕ್ಕಿ, ಕುಡಿದದ್ದು ಅರ್ಧ ಕಪ್ಪು ಚಹಾ. ಹೊತ್ತು ನಡು ಮಧ್ಯಾಹ್ನ.

ದೆವ್ವ ಭೂತಗಳ ಹಾಗೆಯೇ ನಾನು ನಂಬದಿದ್ದ ಇನ್ನೊಂದು ವಿದ್ಯೆ ನಮ್ಮ ಮನೆತನದಲ್ಲಿಯೇ ಇತ್ತು. ಅದು ನಮ್ಮ ಸೋದರತ್ತೆ ಶಾಂತವ್ವನದು. ನಮ್ಮ ಕಡೆ ಹುಡುಗನವರು ಬಂದು ಹೆಣ್ಣು ನೋಡಿ ಒಪ್ಪಿದ ಮೇಲೆ, ಹೆಣ್ಣಿನವರು ಹುಡುಗನ ಮನೆ ನೋಡಲು ಹೋಗುವ ರೂಢಿ. ಮನೆ ಮನಸ್ಸಿಗೆ ಬಂದರೆ ಅಲ್ಲಿಯೇ ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುತ್ತಾರೆ. ಸಕ್ಕರೆ ಬಾಯಿಗೆ ಬಿದ್ದ ಮೇಲೆ ಯಾರೂ ಮಾತು ಹಿಂದೆ ತೆಗೆಯುವಂತಿಲ್ಲ. ಇಂಡಿಯಿಂದ ಸಿಂದಗಿಯ ತನಕ ನಮ್ಮ ಬೀಗರು ಬಿಜ್ಜರೆಲ್ಲ ಮನೆ ನೋಡಲು ಅತ್ತೆಯನ್ನೇ ಕರೆದೊಯ್ಯುತ್ತಿದ್ದರು.

ಅವಳು ಪಡಸಾಲೆಯಲ್ಲಿ ಕೂತು ಮಾತಾಡುವವಳಲ್ಲ. ನೀರು ಕೇಳುವ ನೆವದಲ್ಲಿ ನೇರ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. "ಮುಂದಿನ ಬಾಗಲಾ ಮಂದಿಗೆ ತೋರಸಾಕ ಇರ್ತೈತಿ. ಮನಿಯವರ ಬಣ್ಣ ನೋಡಬೇಕಂದ್ರ ಹಿತ್ತಲ ಬಾಗಲಾ ನೋಡಬೇಕು" ಎನ್ನುತ್ತಿದ್ದಳು. ಒಂದು ಮನೆಯಲ್ಲಿ ಬೆಲ್ಲದ ಡಬ್ಬಿಗೆ ಕೀಲಿ ಹಾಕಿದ್ದು ಕಂಡು, ಈ ಮನೆಯಲ್ಲಿ ಸೊಸೆ ಬೆಲ್ಲದ ಚೂರಿಗೂ ಕೈ ಒಡ್ಡಬೇಕಾಗುತ್ತದೆ ಎಂದು ಎದ್ದು ಬಂದಿದ್ದಳು. ಇನ್ನೊಂದರಲ್ಲಿ ಮುದುಕನ ಹಾಸಿಗೆ ದನದ ಕೊಟ್ಟಿಗೆಯ ಬದಿಗೆ ಸುತ್ತಿಟ್ಟದ್ದು ನೋಡಿದ್ದೇ ಸಾಕಾಯಿತು. "ಅತ್ತಿ, ಇದು ಮನಿ ನೋಡೂದಲ್ಲ, ಪೊಲೀಸರ ಪಂಚನಾಮೆ" ಎಂದು ನಾನು ಕಾಡುತ್ತಿದ್ದೆ.

ಅಂಥ ಅತ್ತೆಯೇ ನಮ್ಮ ಮನೆಯ ಗೋಡೆಗೆ ಸುಣ್ಣ ಹೊಡೆಸಿದಳು.

ಅದಕ್ಕೆ ಕಾರಣ ನನ್ನ ತಂಗಿ ನೀಲವ್ವ. ಅವಳಿಗೆ ಇರುಳುಗಣ್ಣು. ಹಗಲು ಸೂಜಿಗೆ ದಾರ ಪೋಣಿಸುವ ಹುಡುಗಿ, ದೀಪ ಹಚ್ಚುವ ಹೊತ್ತಾಯಿತೆಂದರೆ ಎದುರಿಗೆ ನಿಂತವರನ್ನು ದನಿಯಿಂದ ಗುರುತಿಸಬೇಕು. ಇದಕ್ಕೆ ಔಷಧವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆದರೆ ಸಿಂದಗಿಯ ನಮ್ಮ ಮನೆಯಲ್ಲಿ ಅವಳಿಗೆ ಅದೊಂದು ಕೊರತೆ ಎನಿಸಿರಲಿಲ್ಲ. ಪಡಸಾಲೆಯಿಂದ ನಡುಮನೆ ಹಾದು ಹಿತ್ತಲ ಬಾಗಿಲ ತನಕ ಒಂದೇ ಉದ್ದನೆಯ ಗೋಡೆ. ಎಡಗೈಯನ್ನು ಆ ಗೋಡೆಗೆ ಹಚ್ಚಿಕೊಂಡು ಅವಳು ಕತ್ತಲಲ್ಲಿ ನಮಗಿಂತ ಚುರುಕಾಗಿ ಅಡ್ಡಾಡುತ್ತಿದ್ದಳು.

ಹದಿನೈದು ವರ್ಷ ಹಾಗೆ ಸವರಿ ಸವರಿ, ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕಂದು ಬಣ್ಣದ ಪಟ್ಟೆಯೊಂದು ಮೂಡಿತ್ತು. ಎಣ್ಣೆ ಕುಡಿದ ಹಲಗೆಯ ಹಾಗೆ ಅದು ಮಿರುಗುತ್ತಿತ್ತು. ಚಿಕ್ಕಂದಿನಲ್ಲಿ ಬಿದ್ದಾಗ ಮುರಿದ ಅವಳ ಎಡಗೈ ಕಿರುಬೆರಳು ಸೊಟ್ಟಗೆ ಕೂಡಿಕೊಂಡಿತ್ತು. ಅದು ಉಳಿದ ಬೆರಳುಗಳಿಂದ ದೂರವೇ ನಿಲ್ಲುತ್ತಿದ್ದರಿಂದ, ಪಟ್ಟೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟು ಒಂದು ಸಣ್ಣ ಗೆರೆ ಬೇರೆಯಾಗಿ ಓಡಿತ್ತು. ಗೋಡೆಯಲ್ಲಿ ದೀಪವಿಡುವ ಮಾಡವೊಂದಿತ್ತು. ಅಲ್ಲಿ ಒಮ್ಮೆ ಕೈ ಸುಟ್ಟುಕೊಂಡ ಮೇಲೆ, ಮಾಡ ಒಂದು ಗೇಣು ದೂರವಿರುವಾಗಲೇ ಅವಳು ಕೈ ತಗ್ಗಿಸಿಬಿಡುತ್ತಿದ್ದಳು. ಪಟ್ಟೆಯೂ ಅಲ್ಲಿ ತಗ್ಗಿ, ದಾಟಿದ ಮೇಲೆ ಮತ್ತೆ ಏರಿತ್ತು. ನಮಗೆಲ್ಲ ಅದು ಕಣ್ಣಿಗೆ ಎಷ್ಟು ರೂಢಿಯಾಗಿತ್ತೆಂದರೆ ಅದನ್ನು ನೋಡುವುದನ್ನೇ ಬಿಟ್ಟಿದ್ದೆವು.

ಅಪ್ಪ ತೀರಿಕೊಂಡಿದ್ದ. ಇಂಡಿಯಲ್ಲಿ ನನಗೆ ಆಗತಾನೆ ನೌಕರಿ ಸಿಕ್ಕಿತ್ತು. ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ಇರುಳುಗಣ್ಣಿನ ಮಾತು ತಿಳಿದು ನೀಲವ್ವನ ಎರಡು ಸಂಬಂಧ ಮುರಿದಿದ್ದವು. ಅವಳಿಗೆ ಇಪ್ಪತ್ತೆರಡು ತುಂಬಿತ್ತು, ಅವ್ವ ರಾತ್ರಿ ನಿದ್ದೆ ಬಿಟ್ಟಿದ್ದಳು. ಅಷ್ಟರಲ್ಲಿ ತಂಗಡಗಿಯ ಸಂಗಪ್ಪ ಎನ್ನುವವರ ಮಗ ಚಂದ್ರಶೇಖರನ ಸಂಬಂಧ ಬಂತು. ಹೊಳೆಸಾಲಿನ ಹೊಲ, ತಂದೆ ಮಗ ಇಬ್ಬರೇ ಇರುವ ಮನೆ.

ಅವರು ನೋಡಲು ಬರುವ ಮುಂಚಿನ ವಾರ ಅತ್ತೆ ನಮ್ಮ ಮನೆಗೆ ಬಂದು, ಆ ಗೋಡೆಯ ಮುಂದೆ ನಿಂತಳು. "ಮನಿ ನೋಡಾಕ ಬರೂವಂಥಾಕಿ ಒಬ್ಬಾಕಿ ಬಂದ್ರ ಸಾಕು, ಈ ಗ್ವಾಡೀನ ಎಲ್ಲಾ ಹೇಳಿಬಿಡ್ತೈತಿ" ಎಂದಳು. ನಾನು ಅಳುಕುತ್ತ, ಹೇಳಿಬಿಟ್ಟರೆ ಒಳ್ಳೆಯದಲ್ಲವೇ ಎಂದೆ. "ಸಾವಿರ ಸುಳ್ಳ ಹೇಳಿ ಒಂದ ಮದವಿ ಮಾಡಂತ ಹಿರ್ಯಾರು ಹೇಳ್ಯಾರ. ನಾವ ಸುಳ್ಳೂ ಹೇಳೂದಿಲ್ಲೋ ಮಾಸ್ತರ, ಸುಮ್ಮನಿರ್ತೇವಿ ಅಷ್ಟ" ಎಂದಳು. ಸುಮ್ಮನಿರುವುದರಲ್ಲಿ ತಪ್ಪೇನು ಎಂದು ನನಗೂ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ರವಿವಾರ ನಾನೇ ಸುಣ್ಣ ಹಚ್ಚಿದೆ. ಮೊದಲ ಸಲ ಹಚ್ಚಿದಾಗ ಪಟ್ಟೆ ಹಳದಿಯಾಗಿ ಮೇಲೆದ್ದು ಬಂತು. ಎರಡನೆಯ ಸಲಕ್ಕೂ ಸಣ್ಣಗೆ ಕಾಣುತ್ತಲೇ ಇತ್ತು. ಮೂರನೆಯ ಸಲ ನೀಲಿ ಬೆರೆಸಿ ಹಚ್ಚಿದ ಮೇಲೆ ಮುಚ್ಚಿಹೋಯಿತು. ಸಂಬಂಧ ಗಟ್ಟಿಯಾಗುವ ತನಕ ಗೋಡೆಗೆ ಕೈ ಹಚ್ಚಕೂಡದೆಂದು ಅತ್ತೆ ನೀಲವ್ವನಿಗೆ ಕಟ್ಟಪ್ಪಣೆ ಮಾಡಿದಳು. ಅವತ್ತಿನಿಂದ ಹೊತ್ತು ಮುಳುಗಿದರೆ ನೀಲವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತುಬಿಡುತ್ತಿದ್ದಳು. ಹಿತ್ತಲಿಗೆ ಹೋಗಬೇಕಾದರೆ ಅವ್ವ ಕೈ ಹಿಡಿದು ನಡೆಸಬೇಕು. ಸ್ವಂತ ಮನೆಯಲ್ಲಿ ಅವಳು ಕುರುಡಿಯಾದದ್ದು ಆ ದಿನಗಳಲ್ಲಿಯೇ.

ಹುಡುಗನವರು ಹಗಲು ಹೊತ್ತಿನಲ್ಲಿ ಬಂದರು, ಒಪ್ಪಿದರು, ಹೋದರು. ವಾರ ಬಿಟ್ಟು ನಾನೂ ಅತ್ತೆಯೂ ಮನೆ ನೋಡಲು ಹೊರಟೆವು. ಬಸವನ ಬಾಗೇವಾಡಿಯಲ್ಲಿ ಅತ್ತೆಯ ಬೀಗರ ಮನೆಯಲ್ಲಿ ರಾತ್ರಿ ಕಳೆದು, ಮರುದಿನ ಮುದ್ದೇಬಿಹಾಳಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ತಂಗಡಗಿಗೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ದಾರಿಯುದ್ದಕ್ಕೂ ಬಿಳಿಜೋಳ ತೆನೆ ತೂಗುತ್ತಿತ್ತು. ನನಗೆ ಮಾತ್ರ ಕಣ್ಣಿಗೆ ಏನೂ ಹತ್ತಲಿಲ್ಲ. ಬೆಲ್ಲದ ಕೀಲಿಯಂಥದೇನಾದರೂ ಕಂಡು ಅತ್ತೆಯೇ ಈ ಸಂಬಂಧ ಬೇಡವೆಂದರೆ ಸಾಕು, ನಾನು ಪಾರಾದೆ ಎಂದು ಒಳಗೊಳಗೇ ಹಾರೈಸುತ್ತಿದ್ದೆ.

ಆದರೆ ಅದು ಬೇಡವೆನ್ನುವ ಮನೆಯೇ ಅಲ್ಲ. ಸಂಗಪ್ಪ ಕಾಕಾರ ಹೆಂಡತಿ ತೀರಿ ಹನ್ನೆರಡು ವರ್ಷವಾಗಿತ್ತು. ತಂದೆ ಮಗ ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು, ರೊಟ್ಟಿಯೊಂದನ್ನು ಮಾತ್ರ ಪಕ್ಕದ ಮನೆಯ ಮುದುಕಿ ಬಡಿದು ಕಳಿಸುತ್ತಿದ್ದಳು. ಗಂಡಸರ ಮನೆಯೆಂದರೆ ಗಬ್ಬೆದ್ದಿರುತ್ತದೆ ಅಂದುಕೊಂಡು ಹೋದರೆ, ತಾಮ್ರದ ಕೊಡ ಹುಣಸೆಹಣ್ಣು ಕಂಡು ಹೊಳೆಯುತ್ತಿತ್ತು, ಕುಡಗೋಲು ಕೊಡಲಿ ಒಂದೊಂದೂ ತನ್ನ ಗೂಟದಲ್ಲಿತ್ತು. ಹೋದವಳು ಹೊಲಿದಿಟ್ಟಿದ್ದ ಕೌದಿಗಳು ಒಗೆದು ಮಡಚಿದ್ದವು. ಕಾಕಾ ಕೂಡುವ ಬಿಸಿಲಿನ ಜಾಗದಲ್ಲಿ ಒಂದು ಮುದಿ ನಾಯಿ ಮಲಗಿತ್ತು, ಯಾರೂ ಅದನ್ನು ಎಬ್ಬಿಸಲಿಲ್ಲ. ಅತ್ತೆ ನನ್ನ ಕಿವಿಯಲ್ಲಿ, "ಇಲ್ಲಿ ಹುಡುಗಿ ಸುಖದಿಂದ ಇರ್ತಾಳೋ. ಸತ್ತ ಹೆಣತಿ ಕೌದಿ ಒಗಿಯೂ ಗಂಡಸರು ಎಲ್ಲಿ ಸಿಗ್ತಾರ?" ಎಂದಳು. ಇಂಥವರಿಗೆ ನಾವು ಮೋಸ ಮಾಡುತ್ತಿದ್ದೇವಲ್ಲ ಅನ್ನಿಸಿತು.

ಅತ್ತೆ ಹಿತ್ತಲ ಬಾಗಿಲು ನೋಡಲು ನಡುಮನೆಗೆ ಹೋದಳು. ಹೋದವಳ ಮಾತು ಒಮ್ಮೆಲೇ ನಿಂತುಹೋಯಿತು. ಅತ್ತೆಯ ಮಾತು ನಿಂತರೆ ಏನೋ ಆಗಿದೆ ಎಂದೇ ಅರ್ಥ, ಎದ್ದು ಹೋದೆ.

ನಡುಮನೆಗೆ ಮಣ್ಣಿನ ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ನೇರವಾಗಿ ಇಳಿದಿತ್ತು. ಎಡಗಡೆ ಹೊಸ ಸುಣ್ಣದ ಬೆಳ್ಳನೆಯ ಗೋಡೆ. ಅದರ ಮೇಲೆ ಸೊಂಟದೆತ್ತರಕ್ಕೆ ಕಂದು ಬಣ್ಣದ ಪಟ್ಟೆ. ಪಟ್ಟೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟು ಒಂದು ಸಣ್ಣ ಗೆರೆ.

ನನ್ನ ತಲೆಗೆ ಮೊದಲು ಹೊಳೆದದ್ದು ಇಷ್ಟೇ: ಇವರಿಗೆ ತಿಳಿದಿದೆ. ಸಿಂದಗಿಯವರು ಯಾರೋ ಚಾಡಿ ಹೇಳಿದ್ದಾರೆ, ನಮ್ಮ ಮುಖಕ್ಕೆ ಹೊಡೆದ ಹಾಗೆ ಇದನ್ನು ಬರೆದಿಟ್ಟು ಮನೆ ನೋಡಲು ಕರೆದಿದ್ದಾರೆ. ಅತ್ತೆಗೂ ಹಾಗೇ ಅನ್ನಿಸಿರಬೇಕು. ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆದರೆ ಬರೆದದ್ದಾದರೆ ಕೈಗೆ ತಿಳಿಯುತ್ತದಲ್ಲ? ನಾನು ಬೆರಳಿಟ್ಟೆ. ನುಣ್ಣಗಿತ್ತು, ವರ್ಷಾನುಗಟ್ಟಲೆ ಅಂಗೈ ತಾಗಿ ತಾಗಿ ಬರುವ ನುಣುಪು. ಸಿಂದಗಿಯ ಗೋಡೆಯನ್ನು ಮುಟ್ಟಿದ ಹಾಗೆಯೇ ಇತ್ತು.

ಅದನ್ನು ಹಿಡಿದು ನಡೆದೆ. ನಮ್ಮ ಮನೆಯಲ್ಲಿ ಮಾಡ ಒಂದೇ, ಈ ಗೋಡೆಯಲ್ಲಿ ಎರಡು. ಮೊದಲನೆಯ ಮಾಡಕ್ಕೆ ಒಂದು ಗೇಣು ಇರುವಾಗ ಪಟ್ಟೆ ತಗ್ಗಿತು, ದಾಟಿ ಏರಿತು. ಎರಡನೆಯದರ ಹತ್ತಿರ ಮತ್ತೆ ತಗ್ಗಿತು, ಮತ್ತೆ ಏರಿತು. ಜೋಳದ ಚೀಲ ಒಟ್ಟಿದ್ದ ಕಡೆ ಚೀಲಗಳ ಹಿಂದೆಯೂ ಹಾಯ್ದು, ಬಚ್ಚಲ ಕಡೆ ಹೊರಳಿ, ಹಿತ್ತಲ ಬಾಗಿಲ ಚೌಕಟ್ಟಿಗೆ ಮುಟ್ಟಿ ನಿಂತಿತ್ತು. ಚೌಕಟ್ಟಿನ ಕಟ್ಟಿಗೆ ಆ ಜಾಗದಲ್ಲಷ್ಟೇ ಸವೆದಿತ್ತು. ನಮ್ಮ ಮನೆಯ ಪಟ್ಟೆಯನ್ನು ನೋಡಿ ಬರೆದದ್ದಲ್ಲ ಇದು. ಇದೇ ಮನೆಯಲ್ಲಿ ಬಾಳಿದ ಕೈ.

ಅಷ್ಟರಲ್ಲಿ ಕಾಕಾ ಕೈಯಲ್ಲಿ ಸಕ್ಕರೆಯ ತಾಟು ಹಿಡಿದು ಒಳಗೆ ಬಂದರು. "ಮನಿ ಮನಸಿಗೆ ಬಂತೇನ್ರಿ ಮಾಸ್ತರ್ರ? ಬರ್ರಿ, ಬಾಯಿ ಸಿಹಿ ಮಾಡ್ಕೊಳ್ರಿ." ಅತ್ತೆ ನನ್ನ ರಟ್ಟೆ ಚಿವುಟಿದಳು. ಆ ಚಿವುಟಿನ ಅರ್ಥ ನನಗೆ ಗೊತ್ತು: ಸಕ್ಕರೆ ಬಾಯಿಗೆ ಹಾಕ್ಕೋ, ಸುಮ್ಮನಿರು. ಕಾಕಾ ಚಿಟಿಕೆ ತುಂಬ ಸಕ್ಕರೆ ತೆಗೆದು ನನ್ನ ಬಾಯಿಯ ಹತ್ತಿರ ತಂದರು. ನನ್ನ ಕಣ್ಣು ಗೋಡೆಯ ಮೇಲೆಯೇ ಇದ್ದದ್ದು ಕಂಡು ಅವರೂ ಅತ್ತ ತಿರುಗಿದರು.

ಅವರ ಕೈ ಅಲ್ಲಿಯೇ ನಿಂತಿತು. "ಇದೇನ ಇದು?" ಎಂದರು. ಮಗನನ್ನು ಕೂಗಿದರು. "ಚಂದ್ರೂ, ಯಾರ ಹಿಂಗ ಮಾಡಿದವರು?" ಚಂದ್ರಶೇಖರ ಬಂದು ನೋಡಿ ಬೆಪ್ಪಾದ. "ಮುಂಜಾನಿ ನಾನ ಚೀಲಾ ಒಟ್ಟೇನಿ ಅಪ್ಪಾ, ಆಗ ಇದ್ದಿಲ್ಲ" ಎಂದ. ಮೊನ್ನೆಯಷ್ಟೇ ತಾವಿಬ್ಬರೂ ಕೂಡಿ ಸುಣ್ಣ ಹಚ್ಚಿದ್ದಾಗಿ ಹೇಳಿದರು. ಹಳೆಯ ಕಲೆ ಸುಣ್ಣದಡಿಯಿಂದ ಎದ್ದಿರಬಹುದೇ ಎಂದು ನಾನು ಕೇಳಿದೆ, ವಿಜ್ಞಾನದ ಮಾಸ್ತರನಲ್ಲವೇ. ಕಾಕಾ ಹೆಬ್ಬೆರಳಿಗೆ ಎಂಜಲು ಹಚ್ಚಿ ಗೋಡೆ ತಿಕ್ಕಿದರು. ಪಟ್ಟೆಯ ಮೇಲಿನ ಬದಿಗೂ ಕೆಳಗಿನ ಬದಿಗೂ ಸುಣ್ಣ ಬೆರಳಿಗೆ ಹತ್ತಿತು. ಪಟ್ಟೆಯ ಮೇಲೆ ತಿಕ್ಕಿದರೆ ಏನೂ ಹತ್ತಲಿಲ್ಲ. "ಸುಣ್ಣದ ಮ್ಯಾಲ ಐತ್ರಿ ಇದು" ಎಂದು ಅವರು ಮೆಲ್ಲಗೆ ಹೇಳಿದರು. ನಾಟಕ ಆಡುವವರ ಮುಖವಲ್ಲ ಅದು. ಅವರಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ.

ಹೇಳಿದರೆ ತಂಗಿಯ ಮೂರನೆಯ ಸಂಬಂಧ ನನ್ನ ಕೈಯಾರೆ ಮುರಿಯುತ್ತದೆ, ಹೇಳದಿದ್ದರೆ ಈ ಗೋಡೆ ಎದುರಿಗೇ ನಿಂತಿದೆ. ಆ ಗೋಡೆಯ ಮುಂದೆ ಸುಳ್ಳಾಡುವ ಧೈರ್ಯ ನನಗಾಗಲಿಲ್ಲ, ಅಷ್ಟೇ. ದೊಡ್ಡ ಸತ್ಯವಂತನೇನಲ್ಲ ನಾನು.

"ಕಾಕಾರ, ಸಕ್ಕರಿ ಕೆಳಗ ಇಡ್ರಿ. ನನ್ನ ತಂಗಿಗೆ ಇರುಳಗಣ್ಣ ಐತ್ರಿ. ಸಂಜಿ ಆದ್ರ ಗ್ವಾಡಿ ಹಿಡಕೊಂಡ ಅಡ್ಡಾಡ್ತಾಳ. ನಿಮಗ ಕಾಣಬಾರದಂತ ನಾನ ನಮ್ಮ ಗ್ವಾಡಿಗೆ ಸುಣ್ಣಾ ಹಚ್ಚೇನಿ." ಕಿರುಬೆರಳಿನ ಮಾತು, ಮಾಡದ ಮಾತು, ಎಲ್ಲವನ್ನೂ ಹೇಳಿದೆ. ಅತ್ತೆ ಗೋಡೆಗೆ ಮುಖ ಮಾಡಿ ಅಳತೊಡಗಿದಳು.

ಕಾಕಾ ಆ ಸಣ್ಣ ಗೆರೆಯ ಮೇಲೆ ಬೆರಳಾಡಿಸುತ್ತ ನಿಂತಿದ್ದರು. ಕೊನೆಗೆ ಮಗನನ್ನು ಕೇಳಿದರು, "ನೀ ಏನಂತಿ?" ಚಂದ್ರಶೇಖರ ತಲೆ ತಗ್ಗಿಸಿ, "ನೋಡಾಕ ಹೋದಾಗ ಆಕಿ ಎರಡ ಸಲ ಏನೋ ಹೇಳಾಕ ಬಾಯಿ ತೆಗೆದಿದ್ಲು. ಅತ್ತಿಯವರ ಮಾರಿ ನೋಡಿ ಸುಮ್ಮನಾದ್ಲು. ಆಕಿ ಹೇಳಾಕಿ ಇದ್ಲಪ್ಪಾ" ಎಂದ. ನನಗೆ ಅದು ಗೊತ್ತೇ ಇರಲಿಲ್ಲ.

"ನೀವು ಹೇಳದಿದ್ರ ಗ್ವಾಡಿ ಹೆಂಗೂ ಹೇಳ್ತಿತ್ರಿ ಮಾಸ್ತರ್ರ," ಎಂದರು ಕಾಕಾ. "ಖರೆ ನೀವ ಹೇಳಿದ್ರಲ್ಲ, ಅದಕ್ಕ ತಿಂತೇನಿ." ತಾಟಿನಿಂದ ಚಿಟಿಕೆ ಸಕ್ಕರೆ ತೆಗೆದು ಮೊದಲು ತಮ್ಮ ಬಾಯಿಗೇ ಹಾಕಿಕೊಂಡರು.

ಬೇಸಿಗೆಯಲ್ಲಿ ಮದುವೆಯಾಯಿತು. ಮದುವೆಗೆಂದು ಇಡೀ ಮನೆಗೆ ಮತ್ತೆ ಸುಣ್ಣ ಹಚ್ಚಿದ್ದರು, ಆ ಒಂದು ಗೋಡೆಯನ್ನು ಮಾತ್ರ ಹಾಗೇ ಬಿಟ್ಟಿದ್ದರು. ಬೀಗರು ಆಡಿಕೊಂಡರೆ, "ಇರಲಿ ಬಿಡ್ರಿ, ಯಾಕ ಅಳಸೂದು?" ಎಂದಷ್ಟೇ ಹೇಳುತ್ತಿದ್ದರಂತೆ ಕಾಕಾ. ಮನೆ ತುಂಬಿಸಿಕೊಂಡ ದಿನ ಸಂಜೆ, ನೀಲವ್ವನಿಗೆ ದಾರಿ ತೋರಿಸಲು ನಾಲ್ಕು ಜನ ಹೆಂಗಸರು ಎದ್ದರು. ಅವಳು ಬೇಡವೆಂದು ಎಡಗೈ ಗೋಡೆಗೆ ಹಚ್ಚಿ ನಡೆದಳು. ಹಿಂದೆಂದೂ ಕಾಲಿಡದ ಮನೆ. ಎರಡೂ ಮಾಡಗಳಿಗೆ ಒಂದು ಗೇಣು ಇರುವಾಗ ಕೈ ತಗ್ಗಿಸಿದಳು. ಬಚ್ಚಲ ಕಡೆ ಹೊರಳಿ, ಚೌಕಟ್ಟಿನ ಆ ಸವೆದ ಜಾಗವನ್ನೇ ಹಿಡಿದು, ಹಿತ್ತಲಿಗೆ ಇಳಿದುಹೋದಳು. ಕಾಕಾ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

ಈಗ ಕಾಕಾ ಇಲ್ಲ, ಅತ್ತೆ ಇಲ್ಲ. ಚಂದ್ರಶೇಖರನನ್ನು ಕೇಳಿದರೆ, ಮುಂಜಾನೆ ಕತ್ತಲಲ್ಲಿ ತನಗೇ ಕಂಡಿರಲಿಕ್ಕಿಲ್ಲ ಎನ್ನುತ್ತಾನೆ. ಹೇಳಲಿ ಪಾಪ, ಅದರ ಜೊತೆ ಬಾಳುವವನು ಅವನು. ನೀಲವ್ವನ ಮೊಮ್ಮಕ್ಕಳು ಆ ಪಟ್ಟೆಯನ್ನು ಅಜ್ಜಿಯ ಗೆರೆ ಎಂದು ಕರೆಯುತ್ತಾರೆ. ಇಷ್ಟು ವರ್ಷ ಅವಳು ಸವರಿದ ಗೋಡೆ, ಪಟ್ಟೆ ಮೂಡದೆ ಇರುತ್ತದೆಯೇ? ಅವಳು ಬರುವ ಮೊದಲೇ ಅದು ಅಲ್ಲಿತ್ತೆಂದು ಹೇಳಿದರೆ, ಊಟಕ್ಕೆ ಏನಿತ್ತೆಂದು ನನ್ನನ್ನೇ ಕೇಳುತ್ತಾರೆ.

ಇನ್ನೊಂದು ಮಾತು ಉಳಿದಿದೆ. ಅದನ್ನು ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಮನೆ ನೋಡಿ ಸಿಂದಗಿಗೆ ತಿರುಗಿ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆ ಬಾಗೇವಾಡಿಯಲ್ಲೇ ಉಳಿದಿದ್ದಳು. ಅವ್ವ ದೇವರಿಗೆ ಕಾಯಿ ತರಲು ಹೋಗಿದ್ದಳು. ಪಟ್ಟೆಯ ಮಾತನ್ನು ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಕಂದೀಲು ಹಿಡಿದು ನಾನು ನಮ್ಮ ಗೋಡೆಯ ಮುಂದೆ ಕೂತೆ. ನಾನೇ ಹಚ್ಚಿದ ಮೂರು ಪದರ ಸುಣ್ಣವನ್ನು ಚಾಕುವಿನಿಂದ ಕೆರೆದೆ. ಹದಿನೈದು ವರ್ಷದ ಪಟ್ಟೆ, ಎರಡು ಪದರ ದಾಟಿ ಹಳದಿಯಾಗಿ ಎದ್ದು ಬಂದದ್ದನ್ನು ಕಣ್ಣಾರೆ ಕಂಡಿದ್ದೆ. ಒಂದು ಗೇಣು ಕೆರೆದೆ. ಮಾಡದ ಕೆಳಗೆ ಕೆರೆದೆ. ಮೊಳದುದ್ದ ಕೆರೆದೆ. ಎಲ್ಲಿಯೂ ಏನೂ ಇರಲಿಲ್ಲ. ಯಾರ ಕೈಯೂ ತಾಗದ ಒರಟು ಮಣ್ಣು, ನಿನ್ನೆ ಮೆತ್ತಿದ ಹಾಗೆ.

ಕಂಬಕ್ಕೆ ಒರಗಿ ಕೂತಿದ್ದ ನೀಲವ್ವ ಸಪ್ಪಳ ಕೇಳಿ ಇತ್ತ ಮುಖ ತಿರುಗಿಸಿದಳು.

"ಅಲ್ಲಿಲ್ಲ ಅಣ್ಣಾ ಅದು. ನೀವೆಲ್ಲಾ ಮಲಗಿದ ಮ್ಯಾಲ ನಾನೂ ಹುಡುಕೇನಿ. ಕೈಗೆ ಹತ್ತಲಿಲ್ಲ."

"ಮತ್ತ ಎಲ್ಲಿ ಹೋತವಾ?" ಎಂದೆ.

"ನನಗೇನ ಗೊತ್ತು? ಅಳಿಸಿದಾಂವ ನೀ ಅಲ್ಲೇನು?"